ಆರಿಸಿಕೊಂಡವರ ಪೈಕಿ ನಮ್ಮ ಆಯಿ

ಮದರಾಸಿನ ಪೆರಂಬೂರಿನಲ್ಲಿ ನಮ್ಮ ಕನ್ನಡ ಆರಾಧನೆ ನಿಂತುಹೋಗಿ ಕೆಲವು ವರ್ಷಗಳಾದವು. ತಮಿಳು ಕ್ರೈಸ್ತ ಸಭೆಯ ದೊಡ್ಡ ದೇವಾಲಯದ ಪಕ್ಕಕ್ಕೆ ಹೆಂಚು ಹೊದಿಸಿದ ಒಂದು ಉದ್ದನೆಯ ಹಾಲ್ ಇತ್ತು. ಭಾನುವಾರ ಮಧ್ಯಾಹ್ನ ಅವರ ಕಡೆಯ ಮದುವೆ ಊಟ ಇಲ್ಲದಿದ್ದರೆ ಅದು ನಮಗೆ ಸಿಗುತ್ತಿತ್ತು. ಊಟ ಇದ್ದ ದಿನ ನಾವು ಹೊರಗಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಬಿರಿಯಾನಿಯ ಘಮ ಕುಡಿಯುತ್ತ ಕೀರ್ತನೆ ಹಾಡುತ್ತಿದ್ದೆವು. ಈಗ ಆ ಹಾಲಿಗೆ ಏಸಿ ಬಂದಿದೆ, ಗಾಜಿನ ಬಾಗಿಲು ಬಂದಿದೆ, ಹುಡುಗರ ಇಂಗ್ಲಿಷ್ ಆರಾಧನೆ ಬಂದಿದೆ. ವಿಮಾ ಕಚೇರಿಯಿಂದ ನಾನು ಮನೆಗೆ ಬರುವ ಬಸ್ಸು ಅದರ ಮುಂದೆಯೇ ಹಾಯುತ್ತದೆ. ಒಳಗೆ ಅವರು ಡ್ರಮ್ ಬಾರಿಸುವುದು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಪಾಪ, ಆ ಹುಡುಗರದೇನೂ ತಪ್ಪಿಲ್ಲ. ಆದರೂ ಉರಿಯುತ್ತದೆ.

ನಾವಿದ್ದದ್ದೇ ಬೆರಳೆಣಿಕೆಯ ಕುಟುಂಬಗಳು. ರೈಲ್ವೆಯವರು, ಬ್ಯಾಂಕಿನವರು, ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿದ್ದ ಒಬ್ಬರು, ಬೆಸೆಂಟ್ ನಗರದಲ್ಲಿ ಮಗಳ ಮನೆ ಸೇರಿದ್ದ ಒಬ್ಬ ನಿವೃತ್ತ ಟೀಚರ್. ಗದಗದವರು, ಹಾಸನದವರು, ಕೊಳ್ಳೇಗಾಲದವರು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕನ್ನಡ. ಮಕ್ಕಳ ಬಾಯಲ್ಲಿ ಮಾತ್ರ ತಮಿಳು. ಕನ್ನಡದಲ್ಲಿ ಬೈದರೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ತಿರುಗಿ ಜಗಳಾಡುತ್ತಿದ್ದದ್ದು ತಮಿಳಿನಲ್ಲಿ. ನಮ್ಮ ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಅಯ್ಯನವರು ತಿಂಗಳ ಮೊದಲ ಭಾನುವಾರ ಬೆಂಗಳೂರಿನಿಂದ ರೈಲು ಹತ್ತಿ ಬಂದು, ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸ ಕೊಟ್ಟು, ಸಂಜೆಯ ರೈಲಿಗೆ ವಾಪಸಾಗುತ್ತಿದ್ದರು. ಉಳಿದ ವಾರಗಳ ಪ್ರಸಂಗ, ಉಪದೇಶವೆಲ್ಲ ಸಭೆಯ ಹಿರಿಯರದು. ಸಭೆಯ ಹಿರಿಯರು ಎಂದರೆ ನಮ್ಮ ಅಪ್ಪ.

ಅಪ್ಪ ಗದಗ ಬೆಟಗೇರಿಯ ಕಡೆಯವರು. ರೈಲ್ವೆ ವರ್ಕ್‌ಶಾಪಿಗೆ ಫಿಟ್ಟರ್ ಆಗಿ ಸೇರಿ, ಫೋರ್‌ಮನ್ ಆಗಿ ನಿವೃತ್ತರಾದರು. ಆಯುಷ್ಯವಿಡೀ ಕಬ್ಬಿಣ ಬಡಿಯುವ ಸದ್ದಿನಲ್ಲಿದ್ದು ಕಿವಿ ಮಂದವಾಗಿತ್ತು. ಹಾಗಾಗಿ ಅವರು ಗುಟ್ಟು ಹೇಳಿದರೂ ಪಕ್ಕದ ಮನೆಗೆ ಕೇಳಿಸುತ್ತಿತ್ತು. ಅವರ ಪ್ರಸಂಗಕ್ಕೆ ಮೈಕು ಬೇಕಾಗಿರಲಿಲ್ಲ. ಅದರಲ್ಲೂ ಅವರಿಗೆ ಬಹಳ ಪ್ರಿಯವಾದ ವಿಷಯ ಬಂದರಂತೂ ಹೆಂಚು ಹಾರಿಹೋಗುವುದೊಂದೇ ಬಾಕಿ. ಆ ವಿಷಯ, ದೇವರು ಆರಿಸಿಕೊಂಡ ಜನ ಯಾರು ಎನ್ನುವುದು.

ಪ್ರತಿವರ್ಷ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ ಅದು ಬಂದೇ ಬರುತ್ತಿತ್ತು. ಮೊದಲು ದೇವರು ಇಸ್ರಾಯೇಲ್ಯರನ್ನು ಆರಿಸಿಕೊಂಡ. ಅವರು ತಮ್ಮ ನಡುವೆಯೇ ಹುಟ್ಟಿ ಬಂದವನನ್ನು ಗುರುತಿಸಲಿಲ್ಲ. ಅದಕ್ಕೆ ದೇವರು ಅವರನ್ನು ಬದಿಗೆ ಸರಿಸಿ, ನಂಬಿ ದೀಕ್ಷಾಸ್ನಾನ ಪಡೆದ ನಮ್ಮನ್ನು ಆ ಜಾಗದಲ್ಲಿ ಕೂರಿಸಿದ. ಇಷ್ಟು ಹೇಳಿ ಅಪ್ಪ ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡುತ್ತಿದ್ದರು, ತಾವೇ ಖುದ್ದಾಗಿ ಆರಿಸಿ ತಂದವರಂತೆ. ಸಣ್ಣವಳಿದ್ದಾಗ ನನಗೆ ಆರಿಸಿಕೊಳ್ಳುವುದು ಎಂದರೆ ಗೊತ್ತಿದ್ದದ್ದು ಶಾಲೆಯ ಖೋಖೋ ತಂಡ ಮಾತ್ರ. ಅಲ್ಲಿ ಇಬ್ಬರು ನಾಯಕಿಯರು ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತ ಹೋಗಿ ಕೊನೆಗೆ ಉಳಿಯುತ್ತಿದ್ದವಳು ನಾನು. ಆದ್ದರಿಂದ ದೇವರಾದರೂ ನನ್ನನ್ನು ಮೊದಲೇ ಆರಿಸಿದ್ದಾನೆ ಎಂದು ಕೇಳಿ ಬಹಳ ಸಮಾಧಾನವಾಗುತ್ತಿತ್ತು. ಮದರಾಸಿನಲ್ಲಿ ಕನ್ನಡದವರು, ಕನ್ನಡದವರಲ್ಲಿ ಕ್ರೈಸ್ತರು, ಕ್ರೈಸ್ತರಲ್ಲಿ ತಮಿಳರಲ್ಲದವರು. ಎಲ್ಲಿ ಹೋದರೂ ಹೊರಗಿನವರೇ ಆಗಿದ್ದ ನಮಗೆ ಆ ಒಂದು ಗಂಟೆಯಲ್ಲಿ ನಾವೇ ಒಳಗಿನವರು ಎನಿಸುತ್ತಿತ್ತು. ದೊಡ್ಡವಳಾದ ಮೇಲೆ, ಬದಿಗೆ ಸರಿಸಿದವರ ಗತಿ ಏನು ಎಂದು ಅಪ್ಪನ ಜೊತೆ ವಾದಕ್ಕಿಳಿದಿದ್ದೇನೆ. ಸತ್ಯವೇದದ ವಾಕ್ಯದಲ್ಲಿ ಹಾಗಿದೆ ಎಂದು ಅವರು, ಹಾಗಾದರೆ ಸರಿಯಾಗಿ ಓದಿ ಎಂದು ನಾನು. ಅಲ್ಲಿಗೆ ಇಬ್ಬರದೂ ಮುಖ ಊದಿಕೊಳ್ಳುತ್ತಿತ್ತು.

ಅವ್ವ ಈ ವಾದಗಳಿಗೆ ಬರುತ್ತಿರಲಿಲ್ಲ. ಅವಳು ಹುಟ್ಟಿದ್ದು ಬೆಟಗೇರಿಯ ನೇಕಾರರ ಮನೆಯಲ್ಲಿ, ಹಿಂದೂ ಮನೆತನದಲ್ಲಿ. ಒಂದೇ ಓಣಿಯ ಹುಡುಗ ಹುಡುಗಿ ಮೆಚ್ಚಿಕೊಂಡು, ಅವಳು ದೀಕ್ಷಾಸ್ನಾನ ಪಡೆದು, ಮದುವೆಯಾಯಿತು. ಅವಳ ಅಪ್ಪ, ಅಣ್ಣತಮ್ಮಂದಿರು ಯಾರೂ ಬರಲಿಲ್ಲ. ಬಂದವಳು ಅವಳ ಅವ್ವ ಒಬ್ಬಳೇ, ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ. ಬಂದವಳು ದೇವಾಲಯದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಳಂತೆ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಬರಲಿಲ್ಲ. ಮದುವೆ ಮುಗಿದು ಊಟಕ್ಕೆ ಕೂತಾಗಲೂ ಹೊರಗೇ ಇದ್ದಳು. ಆಮೇಲೆ ಮಗಳ ತಲೆ ಸವರಿ, ಗಂಟು ಕಟ್ಟಿ ತಂದ ಕುಬಸದ ಬಟ್ಟೆ ಕೊಟ್ಟು, ನಡೆದುಕೊಂಡು ಮನೆಗೆ ಹೋದಳು. ಇದನ್ನು ಅವ್ವ ನನಗೆ ಹೇಳಿದ್ದು ಒಂದೇ ಸಲ, ಅದೂ ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತ.

ನಾನು ಹುಟ್ಟಿದಾಗ ಆಯಿ ಮದರಾಸಿಗೆ ಬಂದಳು. ಆಮೇಲೂ ಆಗಾಗ ಬರುತ್ತಿದ್ದಳು. ಅಪ್ಪನಿಗೂ ಆಯಿಗೂ ಯಾವ ವೈರವೂ ಇರಲಿಲ್ಲ. ಅವಳ ಚೀಲದಲ್ಲಿ ತಗಡಿನ ಡಬ್ಬಿಯೊಳಗೆ ಎಲ್ಲಮ್ಮನ ಪುಟ್ಟ ಮೂರ್ತಿ ಇರುವುದು ಅಪ್ಪನಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ರಾತ್ರಿ ಊಟಕ್ಕೆ ಮುಂಚೆ ನಮ್ಮ ಕುಟುಂಬ ಪ್ರಾರ್ಥನೆ ನಡೆಯುವಾಗ ಆಯಿ ಅಡುಗೆಮನೆಯ ಹೊಸ್ತಿಲ ಮೇಲೆ ಸೆರಗು ಹೊದ್ದು ಕೈಜೋಡಿಸಿ ಕೂರುತ್ತಿದ್ದಳು. ಅಪ್ಪನ ಪ್ರಾರ್ಥನೆ ಉದ್ದ. ಎಲ್ಲ ದೇಶಗಳ ಪ್ರಧಾನಿಗಳನ್ನೂ ಮುಗಿಸಿ ಅವರು ಆಮೆನ್ ಎಂದ ಕೂಡಲೇ ಆಯಿ ಕಣ್ಣು ಬಿಟ್ಟು, "ಆತೇನ್ರಿ? ಹಂಗಾರ ಏಳ್ರಿ, ಪಲ್ಯಾ ಆರಾಕತ್ತೈತಿ" ಅನ್ನುತ್ತಿದ್ದಳು. ನಾನು ಕಂಡ ಪ್ರಾರ್ಥನೆಗಳಲ್ಲೆಲ್ಲ ನನಗೆ ಬಹಳ ಹಿಡಿಸಿದ ಮುಕ್ತಾಯ ಅದು.

ನಾನು ಹೇಳಹೊರಟ ವರ್ಷದ ಶ್ರಾವಣದಲ್ಲಿ ಆಯಿ ಬೆಟಗೇರಿಯಲ್ಲಿ ತೀರಿಕೊಂಡಳು. ಅವ್ವ ಹೋಗಿ ಮಣ್ಣು ಹಾಕಿ ಬಂದಳು. ಮುಂದಿನ ಭಾನುವಾರ ಆರಾಧನೆಯಲ್ಲಿ ಅಪ್ಪ ಪ್ರಾರ್ಥಿಸಿದರು. ದುಃಖದಲ್ಲಿರುವ ಕುಟುಂಬಕ್ಕೆ ಸಮಾಧಾನ ಕೊಡು ಎಂದರು. ತೀರಿಕೊಂಡವರು ಸಭೆಯವರಾಗಿದ್ದರೆ, ಅವರನ್ನು ನಿನ್ನ ಮಡಿಲಿಗೆ ಸೇರಿಸಿಕೋ ಎಂದು ಮುಂದಿನ ಮಾತು ಬರುತ್ತಿತ್ತು. ಅದು ಬರಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ಆ ಮಾತಿಗಾಗಿ ಕಾಯುತ್ತಿದ್ದಳು. ಎಲ್ಲರೂ ಆಮೆನ್ ಎಂದು ಎದ್ದ ಮೇಲೂ ಕಾಯುತ್ತಿದ್ದಳು.

ಡಿಸೆಂಬರ್ ಬಂತು. ನಮ್ಮ ಕಡೆ ಕ್ರಿಸ್ಮಸ್ಸಿಗೆ ಮುಂಚೆ ಸಭೆಯ ಪ್ರತಿಯೊಂದು ಮನೆಗೂ ಹೋಗಿ ಹಾಡಿಬರುವ ರೂಢಿ ಇದೆ. ಕ್ಯಾರಲ್ ರೌಂಡ್ಸ್ ಎನ್ನುತ್ತೇವೆ. ನಾವು ಊರಿನ ಮೂಲೆಮೂಲೆಗೆ ಚದುರಿದವರು, ಹಾಗಾಗಿ ಒಂದು ವ್ಯಾನ್ ಮಾಡಿಕೊಂಡು ಬೆಳಿಗ್ಗೆಯೇ ಎಣ್ಣೂರಿನಿಂದ ಶುರು ಹಚ್ಚಿ, ಟ್ರಾಫಿಕ್ಕಿಗೆ ಶಾಪ ಹಾಕುತ್ತ, ಸಂಜೆಯ ಹೊತ್ತಿಗೆ ಊರಿನ ಇನ್ನೊಂದು ತುದಿ ಮುಟ್ಟುತ್ತಿದ್ದೆವು. ಇದಕ್ಕೊಂದು ನಿಯಮವಿದೆ. ಬೆಲ್ ಒತ್ತುವಂತಿಲ್ಲ, ಕರೆಯುವಂತಿಲ್ಲ. ಮನೆಯವರು ಬಾಗಿಲಿಗೆ ಕಾಗದದ ನಕ್ಷತ್ರ ತೂಗಿಬಿಟ್ಟು ಒಳಗೆ ದೀಪ ಹಾಕಿರುತ್ತಾರೆ. ನಾವು ಸದ್ದಿಲ್ಲದೆ ಮೆಟ್ಟಿಲು ಹತ್ತಿ, ನಕ್ಷತ್ರ ಕಂಡ ಬಾಗಿಲ ಮುಂದೆ ನಿಂತು ಒಮ್ಮೆಲೇ ಹಾಡು ಎತ್ತಬೇಕು. ಹಾಡು ಕೇಳಿ ಅವರು ಬಾಗಿಲು ತೆರೆಯಬೇಕು. ಒಳಗೆ ಕೇಕು, ಮುರುಕ್ಕು ಎಲ್ಲ ತಟ್ಟೆಯಲ್ಲಿ ಸಿದ್ಧವಾಗಿರುತ್ತಿದ್ದರೂ ಬಾಗಿಲು ತೆರೆದವರು, ಅಯ್ಯೋ ನೀವಾ, ಎಂದು ಬೆರಗಾದಂತೆ ನಟಿಸುತ್ತಿದ್ದರು. ಆ ನಟನೆ ನನಗೆ ಈಗ ಕನಸಿನಲ್ಲೂ ಬರುತ್ತದೆ.

ಆ ವರ್ಷ ನಮ್ಮ ಸಭೆಯ ಒಂದು ಕುಟುಂಬ ವಡಪಳನಿಯಲ್ಲಿ ಹೊಸ ಫ್ಲ್ಯಾಟಿಗೆ ಹೋಗಿತ್ತು. ಅವರ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಮೈಸೂರಿನವರೊಬ್ಬರು ತಾಯಿಯೊಂದಿಗೆ ಅದೇ ಕಟ್ಟಡದಲ್ಲಿದ್ದರು, ಮನೆ ಹುಡುಕಿಕೊಟ್ಟದ್ದೂ ಅವರೇ. ಇದೆಲ್ಲ ನಮಗೆ ಆಮೇಲೆ ತಿಳಿಯಿತು. ವಾಟ್ಸಪ್ಪಿನಲ್ಲಿ ಬಂದ ವಿಳಾಸದಲ್ಲಿ ಮಹಡಿ ಬರೆಯುವುದನ್ನು ಅವರು ಮರೆತಿದ್ದರು. ನಕ್ಷತ್ರ ಇದೆ, ಗೊತ್ತಾಗುತ್ತದೆ ಬನ್ನಿ ಎಂದಷ್ಟೇ ಇತ್ತು. ಸಂಜೆ ದೀಪ ಹಚ್ಚುವ ಹೊತ್ತು. ಎರಡನೆಯ ಮಹಡಿಯಲ್ಲಿ ಒಂದು ಬಾಗಿಲಿಗೆ ಕೆಂಪು ನಕ್ಷತ್ರ ಕಂಡಿತು. ಅಪ್ಪ ಕೈಸನ್ನೆ ಮಾಡಿದರು, ನಾವು ಹಾಡು ಎತ್ತಿದೆವು. ಮೊದಲ ಚರಣ ಮುಗಿಯುವುದರೊಳಗೆ ಬಾಗಿಲು ತೆರೆಯಿತು.

ತೆರೆದವರು ಒಬ್ಬ ವಯಸ್ಸಾದ ಹೆಂಗಸು. ಹಣೆಗೆ ಕಾಸಿನಗಲ ಕುಂಕುಮ, ಕೈಯಲ್ಲಿ ಊದಿನಕಡ್ಡಿ. ಅವರ ಹಿಂದೆ ಗೋಡೆಯ ಮೇಲೆ ದೇವರ ಪಟಗಳು, ಮುಂದೆ ಆಗಷ್ಟೇ ಹಚ್ಚಿದ ದೀಪ. ನಮ್ಮ ಗುಂಪಿನ ಮಗುವೊಂದು, "ತಾತಾ, ಇದು ವೇರ ವೀಡು" ಎಂದು ತಮಿಳಿನಲ್ಲಿ ಪಿಸುಗುಟ್ಟಿತು. ಬೇರೆ ಮನೆ. ಅಪ್ಪ ತಟ್ಟನೆ ಕೈ ಎತ್ತಿದರು. ವರ್ಕ್‌ಶಾಪಿನಲ್ಲಿ ಯಂತ್ರ ನಿಲ್ಲಿಸಲು ಎತ್ತುತ್ತಿದ್ದ ಕೈ ಅದು. ಹಾಡು ಅರ್ಧಕ್ಕೆ ನಿಂತಿತು.

"ಕ್ಷಮಾ ಮಾಡ್ರಿ, ಮನಿ ತಪ್ಪಿ ಬಂದ್ವಿ," ಎಂದರು ಅಪ್ಪ.

"ಅಯ್ಯೋ, ಯಾಕೆ ನಿಲ್ಲಿಸಿಬಿಟ್ರಿ? ಚೆನ್ನಾಗಿತ್ತಲ್ಲ," ಎಂದರು ಆಕೆ. "ಈ ಊರಿಗೆ ಬಂದಮೇಲೆ ಬಾಗಿಲ ಹತ್ರ ಕನ್ನಡ ಹಾಡು ಕೇಳಿದ್ದೇ ಇವತ್ತು. ಮೊಮ್ಮಗು ಮೇಲ್ಗಡೆ ಮನೇಲಿ ನಕ್ಷತ್ರ ನೋಡಿ ತನಗೂ ಬೇಕು ಅಂತ ಹಟ ಮಾಡ್ತು, ಅದಕ್ಕೆ ಕಟ್ಟಿದ್ವಿ. ಬನ್ನಿ, ಒಳಗೆ ಬಂದು ಹಾಡಿ."

"ಇಲ್ರೀ. ನಾವು ಸಭೆಯವರ ಮನಿಯಾಗ ಅಷ್ಟ ಹಾಡೋದು."

ಅಪ್ಪ ಒರಟಾಗಿ ಹೇಳಲಿಲ್ಲ. ನಿಯಮ ಹೇಳುವವರು ಹೇಳುವ ಹಾಗೆ ಹೇಳಿದರು, ಅಷ್ಟೇ. ಆಕೆಯೂ ಸಿಟ್ಟಾಗಲಿಲ್ಲ. "ಓ, ನಿಮ್ಮೋರಿಗೆ ಮಾತ್ರನಾ? ಸರಿ ಬಿಡಿ, ಪರವಾಗಿಲ್ಲ," ಎಂದು, ಬಾಗಿಲು ಹಾಕುವುದೋ ಬಿಡುವುದೋ ತಿಳಿಯದೆ ಅದರ ಅಂಚು ಹಿಡಿದು ನಿಂತರು. ನನಗೆ ಅಪ್ಪನ ಮೇಲೆ ಎಂಥ ಕೋಪ ಬಂತೆಂದರೆ ಬಾಯಿ ತೆರೆದರೆ ಜಗಳವೇ ಆಗುತ್ತಿತ್ತು.

ಆಗ ಹಿಂದಿನಿಂದ ಹಾಡು ಕೇಳಿಸಿತು. ಎರಡನೆಯ ಚರಣ. ಒಂದೇ ದನಿ. ಮೆಟ್ಟಿಲ ತುದಿಯಲ್ಲಿ, ಎಲ್ಲರಿಗಿಂತ ಹಿಂದೆ ನಿಂತಿದ್ದ ಅವ್ವ ಹಾಡುತ್ತಿದ್ದಳು. ಅವ್ವನದು ಹಾಡುವ ಕಂಠವಲ್ಲ. ಗುಂಪಿನಲ್ಲಿ ತುಟಿ ಆಡಿಸುವವಳು ಅವಳು. ನಾಲ್ಕು ಜನರ ಎದುರು ಅಪ್ಪನ ಮಾತಿಗೆ ಅವಳು ಅಡ್ಡ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಶ್ರುತಿ ಎಲ್ಲೋ, ತಾಳ ಎಲ್ಲೋ. ಕಣ್ಣು ಮಾತ್ರ ಆ ಬಾಗಿಲಲ್ಲಿದ್ದ ಹೆಂಗಸಿನ ಮೇಲೆ. ಒಂದು ಸಾಲು ಅವಳೊಬ್ಬಳೇ ಹಾಡಿದಳು. ಎರಡನೆಯ ಸಾಲಿಗೆ ನಾನು ಸೇರಿಕೊಂಡೆ, ಆಮೇಲೆ ಮಕ್ಕಳು, ಆಮೇಲೆ ಎಲ್ಲರೂ. ಅಪ್ಪ ಒಬ್ಬರು ಕೈಯನ್ನು ಇಳಿಸಿ ನೆಲ ನೋಡುತ್ತ ನಿಂತಿದ್ದರು. ಹಾಡು ಮುಗಿದಾಗ ಆಕೆ ಕಣ್ಣೊರೆಸಿಕೊಂಡು ಒಳಗಿನಿಂದ ಡಬ್ಬಿ ತಂದು ಎಲ್ಲರ ಕೈಗೂ ಕೋಡುಬಳೆ ಹಾಕಿದರು. ಅಪ್ಪನಿಗೂ ಕೊಟ್ಟರು. ಅಪ್ಪ ತೆಗೆದುಕೊಂಡರು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಅವ್ವನ ಮನಸ್ಸಿನಲ್ಲಿದ್ದದ್ದು ಹೊರಬಿತ್ತು.

"ನಿನ್ನೆ ಆಕಿ ಬಾಗಲಾ ತೆರದಾಗ ನನಗ ನಮ್ಮವ್ವ ಕಂಡ್ಲು," ಎಂದಳು ಅವ್ವ. "ನೀವು ಕೈ ಎತ್ತಿ ಹಾಡು ನಿಲ್ಲಿಸಿದ್ದು ಆಕಿ ಮುಂದಲ್ಲ. ನಮ್ಮವ್ವನ ಮುಂದ."

"ಮನಿ ತಪ್ಪಿತ್ತು. ಅಷ್ಟ," ಎಂದರು ಅಪ್ಪ.

"ಒಂದ ಮಾತು ಕೇಳ್ತೀನಿ, ಸೀದಾ ಹೇಳ್ರಿ. ದೇವರು ಆರಿಸಿಕೊಂಡಾನ ಅಂತೀರಲ್ಲ, ಅವರಾಗ ನಮ್ಮವ್ವ ಅದಾಳೋ ಇಲ್ಲೋ?"

ಅಪ್ಪ ಲೋಟ ಕೆಳಗಿಟ್ಟರು. "ಅವರಿಗೆ ದೀಕ್ಷಾಸ್ನಾನ ಆಗಿರಲಿಲ್ಲಲ್ಲ."

"ಅಂದ್ರ ಇಲ್ಲ."

"ವಾಕ್ಯದಾಗ ಹಂಗೈತಿ. ನಾ ಮಾಡಿದ್ದಲ್ಲ."

"ಹಂಗಾರ ನಾನೂ ಇಲ್ಲ," ಎಂದಳು ಅವ್ವ. ದನಿ ಏರಿಸಲಿಲ್ಲ. "ನಮ್ಮವ್ವ ಇಲ್ಲದ ಜಾಗಕ್ಕ ನಾ ಬರಂಗಿಲ್ಲ. ನೀವು ಹೋಗಿ ಬರ್ರಿ."

ಪರಲೋಕಕ್ಕೆ ಹೋಗಿಬನ್ನಿ ಎಂದು ಯಾರಾದರೂ ಕಳಿಸಿಕೊಡುತ್ತಾರೆಯೇ? ನನಗೆ ನಗು ಬಂತು. ಅವ್ವನ ಮುಖ ನೋಡಿ ನುಂಗಿಕೊಂಡೆ. ಅವಳು ತಮಾಷೆಗೆ ಹೇಳಿರಲಿಲ್ಲ.

ಜನವರಿಯ ಮೊದಲ ಭಾನುವಾರ ಅಯ್ಯನವರು ಬಂದರು. ಭೋಜನಕ್ಕೆ ಒಂದೊಂದೇ ಬೆಂಚಿನವರು ಎದ್ದು ಮುಂದೆ ಹೋಗಿ ಮೊಣಕಾಲೂರುವುದು ಪದ್ಧತಿ. ಅಪ್ಪ ಅಯ್ಯನವರ ಪಕ್ಕದಲ್ಲಿ ದ್ರಾಕ್ಷಾರಸದ ಪುಟ್ಟ ಲೋಟಗಳ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ನಮ್ಮ ಬೆಂಚಿನ ಸರದಿ ಬಂದಾಗ ಅವ್ವ ಮುಂದೆ ಹೋಗಲಿಲ್ಲ. ಎದ್ದು ಹೋಗಿ ಕಡೆಯ ಬೆಂಚಿನಲ್ಲಿ ಕೂತಳು. ಫೆಬ್ರವರಿಯಲ್ಲೂ ಹಾಗೆಯೇ ಮಾಡಿದಳು. ಜಗಳ ಮನಸ್ಸಿನಲ್ಲಿಟ್ಟುಕೊಂಡವರು ಭೋಜನದ ಮೇಜಿಗೆ ಬರಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಭೆಯ ಹಿರಿಯರ ಹೆಂಡತಿಯೇ ಹಿಂದೆ ಕೂತರೆ ಜನ ಬಿಡುತ್ತಾರೆಯೇ? ಮನೆಯಲ್ಲಿ ಏನಾದರೂ ಆಗಿದೆಯಾ ಎಂದು ನನ್ನನ್ನು ಮೂಲೆಗೆ ಕರೆದು ಕೇಳಿದರು. ಆಗಿದೆ, ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದೆ ಎಂದು ಹೇಳಿ ಕಳಿಸಿದೆ. ಆದರೆ ಮನೆಗೆ ಬಂದು ಅವ್ವನ ಮೇಲೆ ರೇಗಿದೆ. ಎಲ್ಲರೆದುರು ಅಪ್ಪನ ಮಾನ ಯಾಕೆ ಕಳೆಯುತ್ತೀ ಎಂದೆ.

"ಮಾನದ ಮಾತಲ್ಲವ್ವಾ ಇದು," ಎಂದಳು. "ನನ್ನ ಮದುವಿ ದಿನಾ ಅವ್ವನ್ನ ಹೊರಗ ನಿಲ್ಲಿಸಿ ನಾ ಒಳಗ ಕುಂತು ಉಂಡೇನಿ. ಒಂದ ಸಲ ಆತು. ಇನ್ನೊಮ್ಮೆ ಆಗಂಗಿಲ್ಲ."

ಮಿಕ್ಕಂತೆ ಅವ್ವ ಎಂದಿನಂತೆಯೇ ಇದ್ದಳು. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ, ಮಾತ್ರೆ, ಬಿಸಿನೀರು. ನಡುನಡುವೆ ಎರಡು ಬಸ್ಸು ಬದಲಿಸಿ ವಡಪಳನಿಗೆ ಹೋಗಿ ಆ ಕೋಡುಬಳೆಯ ಅಜ್ಜಿಯ ಜೊತೆ ಹರಟೆ ಹೊಡೆದು ಬರುತ್ತಿದ್ದಳು. ಇವಳ ಬೆಟಗೇರಿ ಮಾತು, ಅವರ ಮೈಸೂರು ಮಾತು, ಅರ್ಧರ್ಧ ಅರ್ಥವಾಗುತ್ತಿತ್ತಂತೆ, ನಗುವುದಕ್ಕೆ ಅಷ್ಟು ಸಾಕಾಗಿತ್ತಂತೆ.

ಅಪ್ಪ ಮಾತ್ರ ಕಂಗಾಲಾದರು. ಮೊದಲು ಅಯ್ಯನವರನ್ನು ಕೇಳಿದರು. ಅದು ದೇವರ ರಹಸ್ಯ, ನಮಗೆ ತಿಳಿಯದು ಎಂದರು ಅವರು. ತಮಿಳು ಪಾದ್ರಿಗಳನ್ನು ಕೇಳಿದರು. ಲೋಕ ಹುಟ್ಟುವ ಮುಂಚೆಯೇ ದೇವರು ಯಾರನ್ನು ಆರಿಸಬೇಕೋ ಆರಿಸಿಯಾಗಿದೆ, ಬದಲಾಗುವುದಿಲ್ಲ ಎಂದರು ಅವರು. ಇಂಗ್ಲಿಷ್ ಆರಾಧನೆಯ ಚಿಕ್ಕ ಪಾದ್ರಿ, ದೇವರ ಪ್ರೀತಿಗೆ ಎಲ್ಲರೂ ಆರಿಸಿಕೊಂಡವರೇ, ಯೋಚಿಸಬೇಡಿ ಅಂಕಲ್ ಎಂದು ಬೆನ್ನು ತಟ್ಟಿದರು. ಅಪ್ಪನಿಗೆ ಮೂರೂ ರುಚಿಸಲಿಲ್ಲ. "ಒಬ್ರು ಗೊತ್ತಿಲ್ಲಂತಾರ, ಒಬ್ರು ಮುಗದೈತಿ ಅಂತಾರ, ಒಬ್ರು ಎಲ್ಲಾರು ಅಂತಾರ. ಎಲ್ಲಾರೂ ಅಂದಮ್ಯಾಲ ಆರಿಸೋದು ಎಲ್ಲಿ ಬಂತು?" ಎಂದು ನನ್ನ ಹತ್ತಿರ ಗೊಣಗಿದರು. ಆಮೇಲೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಭೂತಗನ್ನಡಿ ಹಿಡಿದು, ಸತ್ಯವೇದವನ್ನು ಮೊದಲ ಪುಟದಿಂದ ಓದತೊಡಗಿದರು. ಕೆಟ್ಟುನಿಂತ ಇಂಜಿನ್ನನ್ನು ಒಂದೊಂದೇ ನಟ್ಟು ಬಿಚ್ಚಿ ನೋಡುವವರ ಹಾಗೆ.

ಸಿಕ್ಕಿದ್ದನ್ನೆಲ್ಲ ರಾತ್ರಿ ಊಟಕ್ಕೆ ತಂದು ಅವ್ವನ ಮುಂದಿಡುತ್ತಿದ್ದರು. ಒಂದು ದಿನ, ದೇವರು ಒಮ್ಮೆ ಕೊಟ್ಟ ಕರೆಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಪೊಸ್ತಲರೇ ಬರೆದಿದ್ದಾರೆ ಎಂದರು. "ಅಂದ್ರ ಇಸ್ರಾಯೇಲ್ಯರನ್ನ ಸರಿಸೇ ಇಲ್ಲ. ಇಷ್ಟು ವರ್ಷ ನಾ ತಪ್ಪು ಹೇಳೇನಿ," ಎಂದು ನನ್ನ ಕಡೆ ನೋಡಿದರು. ಗೆದ್ದೆ ಎಂದು ಕುಣಿಯಬೇಕಿದ್ದ ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅವ್ವ ಸಾರು ಬಡಿಸುತ್ತ, "ಅವರಿಗೆ ಚಲೋ ಆತು. ನಮ್ಮವ್ವಗ?" ಎಂದಳು. ಇನ್ನೊಂದು ದಿನ ಯೇಸುವಿನ ಪಕ್ಕದಲ್ಲೇ ಶಿಲುಬೆಗೇರಿದ ಕಳ್ಳನನ್ನು ಹಿಡಿದು ತಂದರು. ಅವನಿಗೆ ದೀಕ್ಷಾಸ್ನಾನ ಆಗಿರಲಿಲ್ಲ, ಆದರೂ ಅಂದೇ ಪರಲೋಕದ ಒಳಗೆ ಹೋದ.

"ಅಂವಾ ಕೊನಿಗೆ ಬಾಯಿಬಿಟ್ಟು ಕೇಳ್ಕೊಂಡ," ಎಂದಳು ಅವ್ವ. "ನಮ್ಮವ್ವ ಕೇಳ್ಕೊಳ್ಳಾಕಿ ಅಲ್ಲ. ಆಕಿ ಯಾರ ಹತ್ರಾನೂ ಏನೂ ಕೇಳಿದಾಕಿ ಅಲ್ಲ."

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಮರುದಿನ ಸಂಜೆ ನಾನು ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಮೇಲೆ ಬಂದರು. ಸುಮ್ಮನೆ ಕ್ಲಿಪ್ಪುಗಳನ್ನು ಆರಿಸಿ ಡಬ್ಬಕ್ಕೆ ಹಾಕುತ್ತಿದ್ದವರು ಇದ್ದಕ್ಕಿದ್ದಂತೆ, "ನಿಮ್ಮವ್ವ ಅಂದಂಗ ಮಾಡಿದ್ರ ಹೆಂಗ?" ಎಂದರು. "ಆಕಿ ಹಟಾ ನಿನಗ ಗೊತ್ತಿಲ್ಲ. ದೇವರು ತಾನ ಬಾಗಲಾ ತೆರದು ನಿಂತ್ರೂ ಬರಂಗಿಲ್ಲ ಅಂದ್ರ ಬರಂಗಿಲ್ಲ. ನಾ ಒಬ್ನ ಅಲ್ಲಿ ಕುಂತು ಏನ ಮಾಡ್ಲಿ?" ಅಪ್ಪ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಆ ತಾರಸಿಯಲ್ಲೇ ಇಳಿದುಹೋಯಿತು. ಎಷ್ಟು ಪ್ರೀತಿ ಬಂತೆಂದರೆ, ಏನು ಮಾಡಬೇಕೆಂದು ತಿಳಿಯದೆ, ಕ್ಲಿಪ್ಪಿನ ಡಬ್ಬ ಕೈಯಿಂದ ಕಿತ್ತುಕೊಂಡು, "ಕೆಳಗೆ ಹೋಗಿ ಮಲಗಿ" ಎಂದು ಗದರಿಸಿದೆ.

ಮಾರ್ಚಿನ ಮೊದಲ ಭಾನುವಾರ. ಬಿಸಿಲು ಏರಿತ್ತು, ಹಾಲಿನ ಫ್ಯಾನುಗಳು ಕಿರುಗುಟ್ಟುತ್ತಿದ್ದವು. ಭೋಜನ ಶುರುವಾಯಿತು. ಅವ್ವ ಎಂದಿನಂತೆ ಎದ್ದು ಕಡೆಯ ಬೆಂಚಿಗೆ ಹೋದಳು. ನಾನೂ ಅವಳ ಮುಂದಿನ ಬೆಂಚಿಗೆ ಹೋಗಿ ಕೂತೆ, ಒಬ್ಬಳೇ ಕಾಣಬಾರದು ಎಂದು. ಅರ್ಧ ಸಭೆ ಮುಗಿದಿತ್ತು. ಅಪ್ಪ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದಲ್ಲಿದ್ದವರಿಗೆ ಕೊಟ್ಟರು. ಬೆಂಚುಗಳ ನಡುವೆ ನಡೆದು ಬಂದರು. ಬಂದು ಅವ್ವನ ಪಕ್ಕದಲ್ಲಿ ಕೂತರು. ಫ್ಯಾನಿನ ಸದ್ದು ಬಿಟ್ಟರೆ ಹಾಲಿನಲ್ಲಿ ಬೇರೆ ಸದ್ದಿಲ್ಲ. ಅಪ್ಪ ಪಿಸುಗುಟ್ಟಿದರು. ಅವರ ಪಿಸುಮಾತು ಎಲ್ಲರಿಗೂ ಕೇಳಿಸಿತು.

"ಸಿಕ್ತು," ಎಂದರು.

"ಏನ ಸಿಕ್ತು? ಹೋಗಿ ನಿಂದ್ರಿ ಅಲ್ಲಿ, ಜನಾ ನೋಡಾಕತ್ತಾರ," ಎಂದಳು ಅವ್ವ.

"ನೋಡ್ಲಿ. ಮೊಟ್ಟಮೊದಲು ಒಬ್ಬನ್ನ ಆರಿಸಿಕೊಂಡ್ನಲ್ಲ ದೇವರು, ಇಸ್ರಾಯೇಲ್ಯರ ಮೂಲಪುರುಷನ್ನ, ಮಕ್ಕಳಿಲ್ಲದ ಆ ಮುದುಕನ್ನ, ಅವಗ ಏನಂದ? ನಿನ್ನಿಂದ ಭೂಮಿ ಮ್ಯಾಲಿನ ಎಲ್ಲಾ ಮನಿತನಕ್ಕೂ ಒಳ್ಳೇದಾಗಲಿ ಅಂದ. ಎಲ್ಲಾ ಮನಿತನಕ್ಕೂ. ನಾ ಇಷ್ಟು ವರ್ಷ ಆರಿಸಿಕೊಂಡ ಅನ್ನೋತನಕ ಅಷ್ಟ ಓದಿ ಪುಸ್ತಕ ಮುಚ್ಚೇನಿ."

ಅಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಊರಿಗೆ ಹೋಗುವಾಗ ಜನರಲ್ ಡಬ್ಬಿ ಹತ್ತತಿದ್ವಿ, ನೆನಪೈತಿಲ್ಲ? ಗಾಡಿ ಇನ್ನೂ ನಿಲ್ಲೋದ್ರಾಗ ನಾ ಒಬ್ನ ಜಿಗದು ಒಳಗ ಹೋಗಿ ಸೀಟಿನ ಮ್ಯಾಲ ಟವೆಲ್ ಹಾಸ್ತಿದ್ದೆ. ನನಗೇನು ಅದು? ಹಿಂದ ಬರೋ ನಿಮಗೆಲ್ಲಾ. ಆರಿಸಿಕೊಂಡ ಜನಾ ಅಂದ್ರ ಅಷ್ಟ. ಮುಂಚೆ ಒಳಗ ಕಳಸ್ತಾನ. ಕುಂತು ಮೆರೀಲಿ ಅಂತಲ್ಲ, ಹಿಂದ ಬರೋರಿಗೆ ಜಾಗಾ ಹಿಡೀಲಿ ಅಂತ." ಅಪ್ಪನ ದನಿ ಒಡೆಯಿತು. "ನಾ ಟವೆಲ್ ಹಾಸಿ, ಅದರ ಮ್ಯಾಲ ನಾನ ಕಾಲು ಚಾಚಿ ಮಲಕೊಂಡಿದ್ದೆ."

ಮುಂದೆ ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಕಾಯುತ್ತಿದ್ದರು. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

"ನಮ್ಮವ್ವಗೂ ಹಿಡೀತೀರೇನು?" ಎಂದು ಕೇಳಿದಳು ಅವ್ವ.

"ಹಿಡೀತೇನಿ."

"ಕಿಟಕಿ ಬದಿಗೆ ಹಿಡೀರಿ. ನಡಕ ಕುಂತ್ರ ಆಕಿಗೆ ತಲಿ ತಿರಗತೈತಿ."

"ಹೂಂ," ಎಂದರು ಅಪ್ಪ. "ಕಿಟಕಿ ಬದಿಗೆ."

ಅವ್ವ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಪ್ಪನಿಗಿಂತ ಮುಂದಾಗಿ ಮೇಜಿನ ಕಡೆ ನಡೆದಳು.